ಅಗ್ನಿಹೋತ್ರಿ ಸರ್ ಅವರ ಮಡಿ ಟೈರು

ರಾಮದುರ್ಗದಲ್ಲಿ ಬಾಳಕೃಷ್ಣ ಅಗ್ನಿಹೋತ್ರಿಯವರ ಕಾರಿನ ಹಿಂದೆ ಸಿಕ್ಕಿಕೊಂಡವರು ಮೊದಲು ಹಾರ್ನ್ ಹೊಡೆಯುತ್ತಿದ್ದರು, ಆಮೇಲೆ ಬೈಯುತ್ತಿದ್ದರು, ಕೊನೆಗೆ ಒಳಗೆ ಕೂತವರು ಯಾರೆಂದು ತಿಳಿದು ತೆಪ್ಪಗೆ ಹಿಂಬಾಲಿಸುತ್ತಿದ್ದರು. ಊರಿನ ಅರ್ಧ ಜನಕ್ಕೆ ಅವರು ಪಿಯುಸಿಯಲ್ಲಿ ಭೌತಶಾಸ್ತ್ರ ಕಲಿಸಿದ ಗುರುಗಳು. ಗುರುಗಳನ್ನು ಓವರ್‌ಟೇಕ್ ಮಾಡಬಾರದೆಂಬ ಸಂಸ್ಕಾರ ಆ ಊರಿನಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ಎತ್ತಿನ ಬಂಡಿಗಳು ಮಾತ್ರ, ಎತ್ತುಗಳಿಗೆ ಪಿಯುಸಿ ಆಗಿಲ್ಲವಾದ್ದರಿಂದ, ಯಾವ ಸಂಕೋಚವೂ ಇಲ್ಲದೆ ಮುಂದೆ ಹೋಗುತ್ತಿದ್ದವು.

ಸರ್ ಅವರ ಬಲಗಾಲು ಬ್ರೇಕಿನ ಮೇಲೆಯೇ ವಾಸವಾಗಿತ್ತು. ತಿರುವು ಕಾಣುವ ಮೊದಲೇ ಹಾರ್ನ್ ಹೊಡೆಯುವುದು, ಸ್ವಂತ ಮನೆಯ ಗೇಟಿನೊಳಗೆ ಬರುವಾಗಲೂ ಇಂಡಿಕೇಟರ್ ಹಾಕುವುದು, ಮಲಪ್ರಭೆಯ ಸೇತುವೆ ಬಂದರೆ ಉಸಿರು ಹಿಡಿದು ದಾಟುವುದು ಅವರ ಪದ್ಧತಿ. ಇಂಥ ಮನುಷ್ಯ ನಿವೃತ್ತಿ ಕಣ್ಣಳತೆಯಲ್ಲಿರುವಾಗ ರೇಸ್ ಟ್ರ್ಯಾಕಿನ ಮೇಲೆ ಕಾರು ಓಡಿಸುವ ಹಟಕ್ಕೆ ಬಿದ್ದದ್ದು ವೇಗದ ಆಸೆಯಿಂದಲ್ಲ. ವಾದದಲ್ಲಿ ಸೋತದ್ದರಿಂದ.

ಅಗ್ನಿಹೋತ್ರಿಗಳ ಮನೆತನ ವಾದಕ್ಕೆ ಹೆಸರಾದದ್ದು. ಅವರ ಅಜ್ಜ ಏಕಾದಶಿ ಇಂದೋ ನಾಳೆಯೋ ಎಂಬ ಪ್ರಶ್ನೆ ಬಂದಾಗ ರಾಮದುರ್ಗದಿಂದ ಸವದತ್ತಿಗೆ ನಡೆದುಹೋಗಿ ವಾದಿಸಿ, ಗೆದ್ದು, ಮನೆಗೆ ಮರಳುವಷ್ಟರಲ್ಲಿ ಊರವರೆಲ್ಲ ದ್ವಾದಶಿಯ ಪಾರಣೆ ಮುಗಿಸಿ ಮಲಗಿದ್ದರಂತೆ. ಮೊಮ್ಮಗ ಪಂಚಾಂಗ ಬಿಟ್ಟು ವಿಜ್ಞಾನ ಹಿಡಿದರೂ ಆ ರಕ್ತ ಎಲ್ಲಿ ಹೋಗಬೇಕು?

ಗೌರಿ ಹಬ್ಬದ ಊಟಕ್ಕೆ ಬೈಲಹೊಂಗಲದಿಂದ ಅಕ್ಕ ಪ್ರಿಯಂವದಾಳ ಮಗ ಅನಿಕೇತ ಬಂದಿದ್ದ. ಅಲ್ಲಿ ಅವನದೊಂದು ಕಾರಿನ ಬಿಡಿಭಾಗಗಳ ಅಂಗಡಿ. ಎರಡನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಅವನು ಸುದ್ದಿ ತೆಗೆದ.

"ಮಾಮಾ, ಕಿತ್ತೂರಿನ ಆಚೆ ಒಬ್ಬರು ಟ್ರ್ಯಾಕ್ ಮಾಡ್ಯಾರ. ತಿಂಗಳಿಗೊಮ್ಮೆ ಆಯ್ತಾರ ಯಾರು ಬೇಕಾದ್ರೂ ತಮ್ಮ ಗಾಡಿ ತಗೊಂಡು ಹೋಗಿ ಓಡಿಸಬಹುದು. ಟ್ರ್ಯಾಕ್ ಡೇ ಅಂತಾರ. ಯಾರ ಜೋಡಿನೂ ರೇಸ್ ಇಲ್ಲ, ಗಡಿಯಾರದ ಜೋಡಿ ಅಷ್ಟ. ಅದಕ್ಕಂತನ ನಾ ಅಗಲ ಟೈರ್ ಹಾಕಿಸೇನಿ. ಅಗಲ ಇದ್ದಷ್ಟೂ ಹಿಡಿತ ಹೆಚ್ಚು."

ಅಗ್ನಿಹೋತ್ರಿ ಸರ್ ಅವರ ತುತ್ತು ಬಾಯಿಯ ಹತ್ತಿರ ನಿಂತಿತು. ಇದು ಅವರ ಕ್ಷೇತ್ರ. ಮೂರು ದಶಕಗಳಿಂದ ಅವರು ಕರಿಹಲಗೆಯ ಮೇಲೆ ಬರೆಯುತ್ತ ಬಂದ ಮೊದಲ ವಾಕ್ಯಗಳಲ್ಲಿ ಇದೂ ಒಂದು.

"ಅಗಲ ಆದ್ರ ಹಿಡಿತ ಹೆಚ್ಚಾಗ್ತದ ಅಂತ ಯಾರು ಹೇಳಿದ್ರೋ ನಿನಗ? ಘರ್ಷಣೆ ಅಗಲದ ಮ್ಯಾಲೆ ನಿಂತಿಲ್ಲ, ಭಾರದ ಮ್ಯಾಲೆ ನಿಂತದ. ಗ್ವಾಡಿ ಕಟ್ಟೋ ಇಟ್ಟಂಗಿ ಅಡ್ಡ ಮಲಗಿಸು, ಉದ್ದಕ ನಿಲ್ಲಿಸು, ಎಳೀಲಿಕ್ಕೆ ಬೇಕಾಗೋ ಜೋರು ಒಂದ."

"ಇರಬಹುದು ಮಾಮಾ. ಹಂಗಾದ್ರ ರೇಸ್ ಕಾರಿಗೆ ಅಷ್ಟು ಅಗಲ ಟೈರ್ ಯಾಕ ಹಾಕ್ತಾರ?"

ಪಂಕ್ತಿಯವರೆಲ್ಲ ಸರ್ ಕಡೆ ತಿರುಗಿದರು. ಹೋಳಿಗೆಯ ಬುಟ್ಟಿ ಹಿಡಿದಿದ್ದ ಹೆಂಡತಿ ಪದ್ಮಜಾ ಕೂಡ ಉತ್ತರಕ್ಕಾಗಿ ನಿಂತರು. ಸರ್ ನೀರು ಕುಡಿದರು. ಮತ್ತೊಮ್ಮೆ ಕುಡಿದರು.

"ಶೋಕಿಗೆ," ಎಂದರು.

ಅನಿಕೇತ ನಗಲಿಲ್ಲ. ನಕ್ಕಿದ್ದರೆ ಒಂದು ಜಗಳವಾಡಿ ಮುಗಿಸಬಹುದಿತ್ತು. ಅವನು ಮಾವನ ಮೇಲೆ ಕರುಣೆ ತೋರಿಸಿ ಮಾತು ಬದಲಿಸಿದ. ಆ ಕರುಣೆ ಸರ್ ಅವರ ಹೊಟ್ಟೆಯಲ್ಲಿ ಹೋಳಿಗೆಗಿಂತ ಭಾರವಾಗಿ ಕೂತಿತು.

ಮರುದಿನದಿಂದಲೇ ಅಭ್ಯಾಸ ಶುರುವಾಯಿತು. ಗ್ರಂಥಾಲಯದ ಪುಸ್ತಕಗಳು ಇಟ್ಟಂಗಿಯ ಆಚೆ ಹೋಗಲಿಲ್ಲ. ಮೊಬೈಲಿನಲ್ಲಿ ಮಾತ್ರ ಟೈರಿನ ಪಂಡಿತರು ಸಾಲುಗಟ್ಟಿ ನಿಂತಿದ್ದರು. ಸಂಜೆಯ ಚಹಾ ಕೈಯಲ್ಲಿ ಹಿಡಿದು ಸರ್ ಒಬ್ಬೊಬ್ಬರನ್ನೇ ಕೇಳಿದರು. ತಿಂಗಳಾಗುವಷ್ಟರಲ್ಲಿ ಅವರಿಗೆ ಒಂದು ಘೋರ ಸತ್ಯ ಗೊತ್ತಾಯಿತು. ರಬ್ಬರು ಇಟ್ಟಂಗಿಯಲ್ಲ. ಅದು ಮೆತ್ತಗಾಗಿ ರಸ್ತೆಯ ಸಣ್ಣ ಸಣ್ಣ ಕುಳಿಗಳೊಳಗೆ ಇಳಿದು ಕಚ್ಚಿಕೊಳ್ಳುತ್ತದೆ. ಬಿಸಿಯಾದಷ್ಟೂ ಹಿಡಿತ ಬದಲಾಗುತ್ತದೆ. ಭಾರವನ್ನು ಅಗಲಕ್ಕೆ ಹಂಚಿಕೊಟ್ಟರೆ ಅದು ಹೆಚ್ಚು ಹಿಡಿಯುತ್ತದೆ. ಅನಿಕೇತನ ಮಾತು ನಿಜ. ತಾವು ಕಲಿಸಿದ್ದೂ ನಿಜವೇ, ಆದರೆ ಇಟ್ಟಂಗಿಯ ಮೇಲೆ ಕೂತು ಪ್ರಯಾಣ ಮಾಡುವವರಿಗೆ.

ಪ್ರಾಮಾಣಿಕರಾದ ಸರ್ ಮರುದಿನವೇ ತರಗತಿಯಲ್ಲಿ ಇದನ್ನು ಒಪ್ಪಿಕೊಂಡರು. ಇಡೀ ಒಂದು ಪಿರಿಯಡ್ ರಬ್ಬರಿನ ಮೇಲೆ ಮಾತಾಡಿ, ಬೆವರು ಒರೆಸಿಕೊಂಡು, ಯಾರಿಗಾದರೂ ಸಂಶಯ ಇದೆಯೇ ಎಂದು ಕೇಳಿದರು. ಮುಂದಿನ ಬೆಂಚಿನ ಹುಡುಗಿ ಎದ್ದಳು.

"ಸರ್, ಪರೀಕ್ಷಾದಾಗ ಯಾವುದು ಬರೀಬೇಕ್ರಿ?"

"ಪುಸ್ತಕದಾಗಿಂದು ಬರೀರಿ."

"ಹಂಗಾದ್ರ ಇದನ್ನ ಬಿಟ್ಟುಬಿಡೂಣೇನ್ರಿ?"

ಹುಡುಗರೆಲ್ಲ ಸಂತೋಷದಿಂದ ಇದನ್ನು ಬಿಟ್ಟುಬಿಟ್ಟರು.

ಸರ್ ಮಾತ್ರ ಬಿಡಲಿಲ್ಲ. ಹೊಸದಾಗಿ ದೀಕ್ಷೆ ತಗೊಂಡವನ ಭಕ್ತಿ ಹುಟ್ಟಿನಿಂದ ಬಂದವನ ಭಕ್ತಿಗಿಂತ ಯಾವಾಗಲೂ ಒಂದು ಹಿಡಿ ಜಾಸ್ತಿ. ಈಗ ಅವರು ಅನಿಕೇತನಿಗಿಂತ ದೊಡ್ಡ ಅಗಲ ಟೈರಿನವರಾದರು. ಟ್ರ್ಯಾಕಿಗೆ ಹೋಗಿ ಅದನ್ನು ತಮ್ಮ ಸಣ್ಣ ಆಲ್ಟೊದಲ್ಲೇ ಸಿದ್ಧ ಮಾಡಿ ತೋರಿಸಬೇಕು. ಅದಕ್ಕೆ ತಕ್ಕ ಟೈರು ಆರಿಸಬೇಕು. ಸ್ಟಾಫ್ ರೂಮಿನಲ್ಲಿ ಅವರು ಬಾಯಿ ತೆರೆದರೆ ಬರುವುದು ಟೈರೇ. ಟೈರಿನ ಮೈಮೇಲೆ ಬರೆದಿರುವ ಟ್ರೆಡ್‌ವೇರ್ ಎಂಬ ಅಂಕಿ ದೊಡ್ಡದಿದ್ದರೆ ಬಾಳಿಕೆ ಹೆಚ್ಚು, ಸಣ್ಣದಿದ್ದರೆ ಹಿಡಿತ ಹೆಚ್ಚು ಎಂದು ಅವರು ವಿವರಿಸುವಾಗ ಕನ್ನಡದ ಉಳವಪ್ಪ ಸರ್, "ಮನಷ್ಯಾರ ಮ್ಯಾಲೂ ಹಿಂಗೊಂದು ಅಂಕಿ ಬರದಿದ್ರ ಮದುವಿ ಮಾಡೂದು ಹಗುರ ಆಗ್ತಿತ್ತು ನೋಡ್ರಿ," ಎಂದು ಎದ್ದುಹೋದರು.

ಊರಿಗೆ ಸುದ್ದಿ ಹಬ್ಬಿದ ಮೇಲೆ ಸಲಹೆಗಳಿಗೆ ಬರವೇ? ನಮ್ಮ ಕಡೆ ಹೊಟ್ಟೆನೋವಿಗೆ ಮದ್ದು ಗೊತ್ತಿಲ್ಲದವರು ಹೇಗೆ ಇಲ್ಲವೋ, ಟೈರಿನ ಬಗ್ಗೆ ಗೊತ್ತಿಲ್ಲದವರೂ ಹಾಗೇ ಇಲ್ಲ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಒಬ್ಬರು ಗಾಳಿ ಕಡಿಮೆ ಇಡಿರಿ ಎಂದರು, ಇನ್ನೊಬ್ಬರು ಹೆಚ್ಚು ಹೊಡೆಸಿರಿ ಎಂದರು, ಇಬ್ಬರೂ ತಮ್ಮ ತಮ್ಮ ಭಾವಂದಿರ ಉದಾಹರಣೆ ಕೊಟ್ಟರು. ಸುರೇಬಾನದ ಮಲಕಾಜಪ್ಪ ತನ್ನ ಕಬ್ಬಿನ ಟ್ರ್ಯಾಕ್ಟರನ್ನೇ ತಂದು ಸರ್ ಅವರ ಮನೆ ಮುಂದೆ ನಿಲ್ಲಿಸಿದ. "ಹಿಡಿತ ಅಂದ್ರ ಇದ್ರೀ ಸರ್. ಹಸಿ ಹೊಲದಾಗ ಬಿಟ್ರೂ ಜಾರಂಗಿಲ್ಲ. ನಿಮ್ಮ ಗಾಡಿಗೆ ಇದರ ಮರಿ ಸಿಗತೈತೇನು ನೋಡ್ರಿ."

ಕೊನೆಗೆ ಸರ್ ರಹಿಮಾನಸಾಬರ ಟೈರಂಗಡಿಗೆ ಹೋದರು. ರಹಿಮಾನಸಾಬರು ಆ ರಸ್ತೆಯ ಹಳಬರು. ಅವರ ವ್ಯಾಪಾರವೆಲ್ಲ ನಿಂತಿದ್ದದ್ದು ಒಂದೇ ಧರ್ಮದ ಮೇಲೆ: ಟೈರು ಸವೆಯಬಾರದು.

"ಬರ್ರಿ ಸರ್, ಕುಂಡ್ರಿ. ಆಲ್ಟೊಕ್ಕಲ್ಲ? ಗಟ್ಟಿ ಮಾಲ್ ಬಂದೈತಿ. ಒಮ್ಮೆ ಹಾಕಿದ್ರ ನಿಮ್ಮ ರಿಟೈರ್‌ಮೆಂಟ್ ಆದ್ರೂ ಅದರ ರಿಟೈರ್‌ಮೆಂಟ್ ಆಗಂಗಿಲ್ಲ."

"ಗಟ್ಟಿ ಬ್ಯಾಡ ರಹಿಮಾನಸಾಬ್ರ. ಮೆತ್ತಗಿಂದು ಬೇಕು. ಲಗೂ ಸವಿಯೋದು."

ರಹಿಮಾನಸಾಬರು ಕನ್ನಡಕ ತೆಗೆದರು. "ಏನಂದ್ರಿ?"

"ಸವಿಯೋ ಟೈರು. ಸವದಷ್ಟೂ ಅದು ರಸ್ತೆ ಹಿಡೀತದ."

"ನೋಡ್ರಿ ಸರ್, ನನ್ನ ಮಗ ಉಮೇರ ನಿಮ್ಮ ಕಡೆನ ಕಲಿತಾಂವ. ನಿಮಗ ನಾ ಸುಳ್ಳು ಹೇಳಂಗಿಲ್ಲ. ಸವಿಯೋ ಟೈರ್ ನನ್ನ ಅಂಗಡ್ಯಾಗ ಭಾಳ ಅದಾವ. ಆದ್ರ ಅವನ್ನ ಸವಿಯೋದಿಲ್ಲ ಅಂತ ಹೇಳಿ ಮಾರತೇನಿ. ಸವಿತಾವ ಅಂತ ಹೇಳಿ ಮಾರೂದು ನನ್ನ ಜೀವಮಾನದಾಗ ಮಾಡಿಲ್ಲ."

ಆದರೂ ಗಿರಾಕಿ ದೇವರು. ಆಲ್ಟೊದ ಸಣ್ಣ ರಿಮ್ಮಿಗೆ ಮೆತ್ತನೆಯ ಟೈರು ಸಿಗುವುದೇ ಇಲ್ಲವೆಂದು ತಿಳಿದು, ಒಂದು ಇಂಚು ದೊಡ್ಡ ರಿಮ್ಮು, ಅದಕ್ಕೆ ಹೊಂದುವ ಅಗಲ ಟೈರು, ಎಲ್ಲ ಹೊರಗಿನಿಂದ ತರಿಸಿದರು. ಇದರ ಬಗ್ಗೆ ರಹಿಮಾನಸಾಬರಿಗೂ ಒಂದು ಸಿದ್ಧಾಂತವಿತ್ತು: ಟೈರು ಹೊಂದದಿದ್ದರೆ ಟೈರಿನ ತಪ್ಪಲ್ಲ, ಗಾಡಿಯ ತಪ್ಪು. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಹೊಸ ಟೈರು ಮಡ್ಗಾರ್ಡಿಗೆ ತಾಗಿ ಕರಕರ ಎಂದಿತು. ಅವರು ಸುತ್ತಿಗೆ ತಗೊಂಡು ಮಡ್ಗಾರ್ಡನ್ನು ತಿದ್ದಿದರು.

ಸಂಜೆ ಪದ್ಮಜಾ ಕಾರನ್ನು ಸುತ್ತುಹಾಕಿ ನೋಡಿದರು. ಅವರು ಸುರೇಬಾನದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದರು. ಕಾರು ಅವರ ಹೆಸರಿನಲ್ಲಿತ್ತು. ದಿನಾ ಶಾಲೆಗೆ ಅದನ್ನು ಓಡಿಸಿಕೊಂಡು ಹೋಗುವವರೂ ಅವರೇ.

"ಇದೇನ್ರೀ ಇದು? ಕಪ್ಪಿ ತೊಡಿಗೆ ಆನಿ ಪಾದ ಹಚ್ಚಿಸಿದಂಗ ಕಾಣ್ತದ."

"ಹಿಡಿತ ನೋಡು ಪದ್ಮಾ, ಹಿಡಿತ!"

ಅವರು ಒಂದು ವಾರ ಹಿಡಿತ ನೋಡಿದರು. ಟೈರು ರಸ್ತೆಯನ್ನಷ್ಟೇ ಅಲ್ಲ, ರಸ್ತೆಯ ಮೇಲಿದ್ದ ಪ್ರತಿಯೊಂದು ಹರಳನ್ನೂ, ಜಾಲಿಮುಳ್ಳನ್ನೂ, ಕಬ್ಬಿನ ಸಿಪ್ಪೆಯನ್ನೂ ಹಿಡಿಯುತ್ತಿತ್ತು. ಸ್ಟೇರಿಂಗ್ ರುಬ್ಬುಗುಂಡಿನಷ್ಟು ಭಾರ. ಶಾಲೆಗೆ ಮುಟ್ಟುವಷ್ಟರಲ್ಲಿ ಕಾರು ಚಕ್ಕಡಿಯಂತೆ ಟಕಟಕ ಸದ್ದು ಮಾಡುತ್ತಿತ್ತು. ವಾರದ ಕೊನೆಗೆ ಪಂಕ್ಚರ್ ಆಗಿ, ಕಬ್ಬಿನ ಟ್ರೇಲರುಗಳ ನಡುವೆ ನಿಂತು ಅವರು ಗಂಡನಿಗೆ ಫೋನ್ ಮಾಡಿದರು. ಆ ಮಾತುಗಳನ್ನು ಸರ್ ಯಾರಿಗೂ ಹೇಳಲಿಲ್ಲ. ಮರುದಿನವೇ ಹಳೆಯ ಟೈರುಗಳು ಕಾರಿಗೆ ಮರಳಿದವು, ಹೊಸವು ಮನೆಯೊಳಗೆ ಬಂದವು.

ಬಿಸಿಲಿಗೆ ರಬ್ಬರು ಗಟ್ಟಿಯಾಗುತ್ತದೆ, ಆದ್ದರಿಂದ ಹೊರಗೆ ಇಡುವಂತಿಲ್ಲ. ಅಡಿಗೆಮನೆಯ ಎಣ್ಣೆಹೊಗೆ ತಾಗಬಾರದು. ಕೊನೆಗೆ ಉಳಿದದ್ದು ದೇವರಮನೆಯ ಪಕ್ಕದ ತಂಪು ಕೋಣೆ. ಅಲ್ಲಿ ಹಳೆಯ ಧೋತರ ಹೊದಿಸಿ ಟೈರುಗಳನ್ನು ಪೇರಿಸಿದರು. ಯಾರೂ ಮುಟ್ಟಬಾರದು. ಮುಟ್ಟಿದರೆ ಕೈ ತೊಳೆದಿರಬೇಕು. ಕೆಲಸದ ರಾಯವ್ವ ಒಂದು ದಿನ ಪಾಪ, ಕರ್ರಗೆ ಹೊಳೆಯಲಿ ಎಂದು ಮೇಲಿನ ಟೈರಿಗೆ ಕೊಬ್ಬರಿ ಎಣ್ಣೆ ಸವರಿದಳು. ಎಣ್ಣೆ ತಾಗಿದ ರಬ್ಬರು ಜಾರುತ್ತದೆಂದು ಸರ್ ಕೂಗಾಡಿದ್ದು ಓಣಿಗೆಲ್ಲ ಕೇಳಿತು. ಆಮೇಲೆ ಅವರೇ ಹಿತ್ತಿಲಲ್ಲಿ ಕೂತು ಶೀಗೆಪುಡಿ ಹಚ್ಚಿ ಟೈರಿಗೆ ತಲೆಸ್ನಾನ ಮಾಡಿಸಿದರು.

ತಾಯಿ ಮಥುರಾಬಾಯಿ ಜಗಲಿಯ ಮೇಲಿಂದ ಇದನ್ನೆಲ್ಲ ನೋಡುತ್ತಿದ್ದರು. "ಬಾಳೂ, ನಿಮ್ಮಪ್ಪ ಮಡಿ ಪಂಜಿನೂ ಇಷ್ಟು ಜ್ವಾಕಿ ಮಾಡಿದ್ದಿಲ್ಲೋ. ಇವು ಮಡಿ ಟೈರು ಆದವು ನೋಡು." ಅವತ್ತಿನಿಂದ ಮನೆಯಲ್ಲಿ ಆ ಟೈರುಗಳಿಗೆ ಬೇರೆ ಹೆಸರೇ ಇರಲಿಲ್ಲ.

ಟ್ರ್ಯಾಕ್ ಡೇ ಬಂತು, ಹೋಯಿತು. ಮತ್ತೊಂದು ಬಂತು, ಅದೂ ಹೋಯಿತು. ಸರ್ ಅವರಿಗೆ ಗಾಳಿ ಎಷ್ಟಿರಬೇಕೆಂಬುದು ಇನ್ನೂ ನಿಶ್ಚಯವಾಗಿರಲಿಲ್ಲ. ಕೊನೆಗೆ ಅನಿಕೇತನೇ ಫೋನಿನಲ್ಲಿ, "ಮಾಮಾ, ಟೈರ್ ಕುಂತಲ್ಲೆ ಹಳೇದಾಗ್ತಾವ," ಎಂದ ಮೇಲೆ ಸಂಕ್ರಾಂತಿಯ ಮುಂದಿನ ರವಿವಾರಕ್ಕೆ ಮುಹೂರ್ತವಾಯಿತು.

ಬೆಳಕು ಹರಿಯುವಾಗ ಆಲ್ಟೊ ಹೊರಟಿತು. ಕಾಲಿಗೆ ಹಳೆಯ ಟೈರು, ಮುಂದಿನ ಸೀಟುಗಳಲ್ಲಿ ಸರ್ ಮತ್ತು ಪದ್ಮಜಾ. ಡಿಕ್ಕಿಯಲ್ಲಿ ಎರಡು ಮಡಿ ಟೈರು, ಹಿಂದಿನ ಸೀಟಿನಲ್ಲಿ ಎರಡು, ಅವುಗಳ ಪಕ್ಕದಲ್ಲಿ ಮಥುರಾಬಾಯಿ, ಅವರ ತೊಡೆಯ ಮೇಲೆ ಬುತ್ತಿಯ ಗಂಟು. ದಾರಿಯಲ್ಲಿ ಸವದತ್ತಿ ಬರುತ್ತದೆಂದ ಮೇಲೆ ಗುಡ್ಡಕ್ಕೆ ಹೋಗಿ ಎಲ್ಲಮ್ಮನಿಗೆ ಕೈಮುಗಿಯದೆ ಮುಂದೆ ಹೋಗುವುದುಂಟೇ ಎಂದು ಅವರೂ ಹೊರಟಿದ್ದರು. ದರ್ಶನ ಮುಗಿಸಿ ಬಂದವರೇ ಅಂಗೈ ತುಂಬ ಅರಿಶಿನದ ಭಂಡಾರ ತಗೊಂಡು ಟೈರುಗಳ ಕಡೆ ನಡೆದರು. ಸರ್ ಅಡ್ಡ ನಿಂತರು.

"ಅವ್ವಾ, ನೆಲಕ್ಕ ಹತ್ತೋ ಭಾಗಕ್ಕ ಬ್ಯಾಡ. ಪುಡಿ ಜಾರತದ. ಬಗಲಿಗೆ ಹಚ್ಚು."

"ದೇವ್ರ ಪ್ರಸಾದಕ್ಕೂ ಎಡ ಬಲ ಹೇಳ್ತೀಯೇನೋ?" ಎಂದು ಗೊಣಗುತ್ತ ಮಥುರಾಬಾಯಿ ಬಗಲಿಗೇ ಹಚ್ಚಿದರು.

ಬೈಲಹೊಂಗಲ ದಾಟಿ, ಕಿತ್ತೂರಿನ ಆಚೆ ಟ್ರ್ಯಾಕು ಮುಟ್ಟಿದಾಗ ಬಿಸಿಲೇರಿತ್ತು. ಜೋಳದ ಹೊಲಗಳ ನಡುವೆ ಹಾವು ಸುತ್ತಿಕೊಂಡಂತೆ ಕರಿ ಡಾಂಬರು. ಶಾಮಿಯಾನದ ಕೆಳಗೆ ಬೆಳಗಾವಿ, ಹುಬ್ಬಳ್ಳಿಯ ಹರೆಯದವರು ಮೈತುಂಬ ಸ್ಟಿಕ್ಕರ್ ಅಂಟಿಸಿದ ಕಾರುಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಆಲ್ಟೊದಿಂದ ಇಳಿಸಿದ ಹಳದಿ ಬಗಲಿನ ಟೈರು ನೋಡಿ ಒಬ್ಬ, ಇದು ಯಾವ ಕಂಪನಿಯ ಹೊಸ ಮಾಡೆಲ್ ಎಂದು ಭಯಭಕ್ತಿಯಿಂದ ಕೇಳಿದ.

ಮೊದಲೇ ಬಂದು ಕಾದಿದ್ದ ಅನಿಕೇತನೂ ಸರ್ ಅವರೂ ಸೇರಿ ಟೈರು ಬದಲಿಸಿದರು. ಜ್ಯಾಕೆಟ್ ಹಾಕಿದ ತಪಾಸಣೆಯವನು ಬಂದ. ಬ್ಯಾಟರಿ ಅಲ್ಲಾಡಿಸಿ ನೋಡಿದ, ಸೀಟ್‌ಬೆಲ್ಟ್ ಎಳೆದು ನೋಡಿದ. ಆಮೇಲೆ ಕೇಳಿದ: "ಬ್ರೇಕ್ ಆಯಿಲ್ ಯಾವಾಗ ಬದಲಿ ಮಾಡ್ಸೀರಿ ಸರ್?"

"ಬದಲಿಸೂ ಪ್ರಶ್ನೇನ ಬಂದಿಲ್ಲ. ಗಾಡಿ ತಗೊಂಡಾಗ ಎಷ್ಟಿತ್ತೋ ಅಷ್ಟ ಅದ, ಒಂದು ಹನಿ ಕಡಿಮಿ ಆಗಿಲ್ಲ. ಅದಿರಲಿ, ಈ ಟೈರ್ ನೋಡ್ರಿ." ಸರ್ ಅವನ ಮೊಣಕೈ ಹಿಡಿದು ಕೆಳಗೆ ಕೂರಿಸಿ, ರಬ್ಬರು ಯಾಕೆ ಇಟ್ಟಂಗಿಯಲ್ಲ ಎಂಬುದರಿಂದ ಆರಂಭಿಸಿದರು. ಹಿಂದೆ ನಿಂತ ಕಾರುಗಳ ಸಾಲು ಬೆಳೆಯಿತು. ತಪಾಸಣೆಯವನು ಬದುಕಿದರೆ ಸಾಕೆಂದು ಪಾಸಿನ ಚೀಟಿ ಅಂಟಿಸಿ ಎದ್ದ.

ಪದ್ಮಜಾ ಬೇವಿನ ಮರದ ಕೆಳಗೆ ಉತ್ತರಪತ್ರಿಕೆ ತಿದ್ದುತ್ತ ಕೂತರು. ಅನಿಕೇತನ ಹೆಲ್ಮೆಟ್ ಹಾಕಿಕೊಂಡು ಸರ್ ಒಳಗೆ ಕೂತರು. ಹೆಲ್ಮೆಟ್ಟು ದೊಡ್ಡದು, ಅವರು ತಲೆ ತಿರುಗಿಸಿದರೆ ಅದು ಆಮೇಲೆ ತಿರುಗುತ್ತಿತ್ತು. ಹಸಿರು ಬಾವುಟ ಬೀಸಿತು.

ಅಗ್ನಿಹೋತ್ರಿ ಸರ್ ಟ್ರ್ಯಾಕಿಗೆ ಇಳಿದರು. ಮೊದಲ ತಿರುವು ಬಂತು, ಹಾರ್ನ್ ಹೊಡೆದರು. ಎದುರಿನಿಂದ ಯಾರೂ ಬರಲಾರದ ಒಂದೇ ದಾರಿಯ ಟ್ರ್ಯಾಕಿನಲ್ಲಿ ಹಾರ್ನ್ ಕೇಳಿ ಬಾವುಟದವನು ಗಾಬರಿಯಾಗಿ ಆಕಡೆ ಈಕಡೆ ನೋಡಿದ. ಎರಡನೆಯ ತಿರುವಿಗೂ ಹಾರ್ನ್. ಬೆಳಗಾವಿಯ ಹುಡುಗರು ಸುಂಯ್ ಎಂದು ಪಕ್ಕದಿಂದ ಹಾರಿಹೋದಾಗಲೆಲ್ಲ ಸರ್ ಅವರ ಬಲಗಾಲು ಬ್ರೇಕನ್ನು ಇನ್ನಷ್ಟು ಅಪ್ಪಿಕೊಳ್ಳುತ್ತಿತ್ತು. ಏರಿನಲ್ಲಿ ಬ್ರೇಕು, ಇಳುಕಲಿನಲ್ಲಿ ಬ್ರೇಕು, ನೇರ ದಾರಿಯಲ್ಲಿ ಆಕ್ಸಿಲರೇಟರಿನ ಮೇಲೊಂದು ಕಾಲು, ಬ್ರೇಕಿನ ಮೇಲೊಂದು ಕಾಲು.

ಕೆಲವು ಸುತ್ತು ಕಳೆದ ಮೇಲೆ ಸುಟ್ಟ ವಾಸನೆ ಬಂತು. ಸರ್ ಅವರ ಮುಖ ಹೆಲ್ಮೆಟ್ಟಿನೊಳಗೇ ಅರಳಿತು. ಮೆತ್ತನೆಯ ರಬ್ಬರು ಬಿಸಿಯಾಗುತ್ತಿದೆ! ಇಷ್ಟು ದಿನ ಓದಿದ್ದು, ಧೋತರ ಹೊದಿಸಿ ಕಾಪಾಡಿದ್ದು, ಸಾರ್ಥಕವಾಗುವ ಹೊತ್ತು ಬಂತು. ಈಗ ನಿಜವಾದ ಹಿಡಿತ ಸಿಗುತ್ತದೆ. ಹಾಗೆಂದು ಧೈರ್ಯ ತಂದುಕೊಂಡು, ಜೀವನದಲ್ಲಿ ಮೊದಲ ಸಲ ಕಾರನ್ನು ತುಸು ಓಡಗೊಟ್ಟು, ತಿರುವು ಹತ್ತಿರ ಬಂದಾಗ ಬ್ರೇಕ್ ಒತ್ತಿದರು.

ಕಾಲು ಅಂಬಲಿಯೊಳಗೆ ಇಳಿದಂತೆ ತಳದವರೆಗೆ ಹೋಯಿತು. ಮತ್ತೆ ಒತ್ತಿದರು. ಮತ್ತೆ ಅಂಬಲಿ. ಆ ಕ್ಷಣದಲ್ಲಿ ಅವರಿಗೆ ಟೈರಿನ ಬಗ್ಗೆ ಗೊತ್ತಿದ್ದ ಯಾವ ಸಂಗತಿಯೂ ಕೆಲಸಕ್ಕೆ ಬರಲಿಲ್ಲ. ಹ್ಯಾಂಡ್‌ಬ್ರೇಕ್ ಎಂಬುದೊಂದು ಇದೆಯೆಂದೂ ನೆನಪಾಗಲಿಲ್ಲ. ನೆನಪಾದದ್ದು ಹಾರ್ನ್ ಒಂದೇ. ಉದ್ದಕ್ಕೆ ಹಾರ್ನ್ ಒತ್ತಿ ಹಿಡಿದು ಅವರು ತಿರುವನ್ನು ಬಿಟ್ಟು ನೆಟ್ಟಗೆ ಹುಲ್ಲಿಗೆ ಹೋದರು. ಹುಲ್ಲು ವೇಗವನ್ನು ತಿಂದಿತು. ಶಾಲೆಯ ಹುಡುಗನ ಸೈಕಲ್ಲಿನ ಗತಿಯಲ್ಲಿ ಆಲ್ಟೊ ಹೋಗಿ, ಅಂಚಿನಲ್ಲಿ ಗೋಡೆಯಂತೆ ಪೇರಿಸಿಟ್ಟಿದ್ದ ಹಳೆಯ ಲಾರಿ ಟೈರುಗಳಿಗೆ ಮೂತಿ ಊರಿ ನಿಂತಿತು. ಬೋಳಾಗಿ, ದಾರ ಎದ್ದ, ಯಾರಿಗೂ ಬೇಡವಾದ ಟೈರುಗಳು. ಅವು ಕಾರನ್ನು ಮೆತ್ತಗೆ ಹಿಡಿದುಕೊಂಡವು.

ಪದ್ಮಜಾ ಪತ್ರಿಕೆಗಳ ಮೇಲೆ ಒಂದು ಕಲ್ಲು ಇಟ್ಟು ಓಡಿಬಂದರು. ಸರ್ ಬಾಗಿಲು ತೆರೆದು ಇಳಿದರು. ಹೆಲ್ಮೆಟ್ಟಿನೊಳಗಿಂದ ಅವರ ಮೊದಲ ಮಾತು ಬಂತು.

"ಪದ್ಮಾ, ಟೈರ್ ಒಂದಿಂಚೂ ಜಾರಲಿಲ್ಲ ನೋಡು."

"ಜಾರಿದ್ರ ಛಲೋ ಇತ್ತು. ಜಾರಿ ಎಲ್ಲೆರೆ ನಿಲ್ತಿತ್ತು," ಎಂದರು ಪದ್ಮಜಾ. ಆಮೇಲೆ ಎಲ್ಲರೆದುರಿಗೇ ಗಂಡನ ಕೈ ಹಿಡಿದುಕೊಂಡರು.

ಅನಿಕೇತ ಬಗ್ಗಿ ಚಕ್ರದ ಹತ್ತಿರ ಮೂಗು ಒಯ್ದ. ವಾಸನೆ ಬರುತ್ತಿದ್ದದ್ದು ಟೈರಿನಿಂದಲ್ಲ, ಬ್ರೇಕಿನಿಂದ. ಒಮ್ಮೆಯೂ ಬದಲಾಗದೆ ಮುಪ್ಪಾಗಿದ್ದ ಬ್ರೇಕ್ ಆಯಿಲ್, ಸರ್ ಅವರ ಕಾಲಿನ ಕಾವಿಗೆ ಒಳಗೇ ಕುದಿದು ನೊರೆಯಾಗಿತ್ತು. ಅಂಗಡಿಯ ತುಂಬ ಬ್ರೇಕ್ ಆಯಿಲ್ಲಿನ ಡಬ್ಬಿ ಇಟ್ಟುಕೊಂಡು ಕೂತವನಿಗೆ ಇದನ್ನು ಒಂದು ಸಲ ಕೇಳಬೇಕೆಂದು ಹೊಳೆದಿರಲಿಲ್ಲ. ಅವನೂ ಅಷ್ಟು ತಿಂಗಳು ಮಾವನ ಜೊತೆ ಟೈರಿನ ಮಾತೇ ಆಡಿದ್ದ. "ತಪ್ಪು ನಂದೂ ಅದ ಮಾಮಾ," ಎಂದು ಕಿವಿ ಹಿಡಿದುಕೊಂಡ.

"ಘರ್ಷಣೆಯಿಂದ ಶಾಖ ಹುಟ್ಟತದ ಅಂತ ನಾನ ಕಲಸ್ತೇನಿ," ಎಂದು ಸರ್ ಮೆಲ್ಲಗೆ ಹೇಳಿ ಹುಲ್ಲಿನ ಮೇಲೆ ಕೂತರು.

ಊಟದ ಹೊತ್ತಾಯಿತು. ಮಥುರಾಬಾಯಿ ಬುತ್ತಿ ಬಿಚ್ಚಿ ಚಪಾತಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ ಬಡಿಸಿದರು; ಪಕ್ಕದಲ್ಲಿ ಸುಳಿದಾಡುತ್ತಿದ್ದ ಹುಬ್ಬಳ್ಳಿಯ ಹುಡುಗರನ್ನೂ ಕರೆದು ಕೂರಿಸಿದರು. ಅಷ್ಟರಲ್ಲಿ ಅನಿಕೇತ ತನ್ನ ಕಾರಿನಲ್ಲಿದ್ದ ಡಬ್ಬಿ ತಂದು ಬ್ರೇಕ್ ಆಯಿಲ್ ಬದಲಿಸಿ ಮುಗಿಸಿದ್ದ. ಇನ್ನೊಂದು ಸರದಿ ಬಾಕಿ ಇತ್ತು. ಸರ್ ಬೇಡವೆಂದರು. ಬೇಡ ಎಂದ ದನಿಯಲ್ಲಿ ಬೇಕು ಎಂಬುದು ಪದ್ಮಜಾಗೆ ಕೇಳಿಸಿತು.

"ಹೋಗಿ ಬರ್ರಿ. ಆದ್ರ ಹಳೇ ಟೈರ್ ಹಾಕ್ಕೊಂಡು ಹೋಗ್ರಿ. ನಾಳೆ ಸೋಮವಾರ, ನನಗ ಸಾಲಿ ಅದ. ಮನಿಗೆ ಹೋದಮ್ಯಾಲೆ ಮತ್ತ ಯಾರು ಬದಲಸ್ತಾರ?"

ಹೀಗೆ ಶಾಸ್ತ್ರದ ಕಾರಣವಿಲ್ಲದೆ, ಸೋಮವಾರದ ಕಾರಣಕ್ಕೆ, ಸಪೂರ ಟೈರುಗಳು ಟ್ರ್ಯಾಕಿಗೆ ಇಳಿದವು. ಈ ಸಲ ಅನಿಕೇತ ಪಕ್ಕದಲ್ಲಿ ಕೂತಿದ್ದ. "ಕಾಲು ತಗೀರಿ ಮಾಮಾ... ಇನ್ನೂ ತಗೀರಿ... ಬ್ರೇಕ್ ಎಲ್ಲೂ ಓಡಿ ಹೋಗೂದಿಲ್ಲ." ಸರ್ ಕಾಲು ತೆಗೆದರು. ತಿರುವಿನಲ್ಲಿ ಸಪೂರ ಟೈರುಗಳು ಕಿರ್ರೋ ಎಂದು ಕಿರುಚಿದವು, ಕಾರು ಸ್ವಲ್ಪ ವಾಲಿತು, ಜಾರುವ ಮೊದಲು ಜಾರುತ್ತೇನೆಂದು ಹೇಳಿ, ಮತ್ತೆ ಹಿಡಿದುಕೊಂಡಿತು. ಸರ್ ಅವರ ಬಾಯಿಂದ ಒಂದು ಕೂಗು ಬಂತು. ಹೆದರಿಕೆಯದೆಂದು ಅನಿಕೇತ ತಿರುಗಿ ನೋಡಿದ. ಅವರು ನಗುತ್ತಿದ್ದರು. ತಾಯಿ, ಹೆಂಡತಿ, ಶಿಷ್ಯರು ಯಾರೂ ಅಷ್ಟು ಹಲ್ಲು ಕಾಣುವ ಹಾಗೆ ಅವರು ನಕ್ಕದ್ದನ್ನು ನೋಡಿರಲಿಲ್ಲ.

ದಿನದ ಕೊನೆಗೆ ಎಲ್ಲರ ಸಮಯ ಓದಿದರು. ಅಗ್ನಿಹೋತ್ರಿ ಸರ್ ಅವರಿಗಿಂತ ಹಿಂದೆ ಉಳಿದದ್ದು ಸ್ಟಾರ್ಟೇ ಆಗದ ಒಂದು ಕಾರು ಮಾತ್ರ. ಆದರೆ ಬೆಳಗ್ಗೆಗಿಂತ ಮಧ್ಯಾಹ್ನ ಅವರು ಬಹಳ ಬೇಗ ಸುತ್ತು ಮುಗಿಸಿದ್ದರು.

"ಅಂದ್ರ ಸಪೂರ ಟೈರ್ ಗೆದ್ದವೇನು ಮಾಮಾ?" ಎಂದ ಅನಿಕೇತ.

ಅಜ್ಜನ ರಕ್ತ ಒಮ್ಮೆ ಕುದಿಯಿತು. ಹೌದು ಎಂದರೆ ಮುಗಿಯಿತು, ಹಬ್ಬದ ದಿನದ ಸೋಲು ತೀರುತ್ತದೆ. ಸರ್ ಹೆಲ್ಮೆಟ್ಟನ್ನು ಅನಿಕೇತನ ಕೈಗೆ ಮರಳಿಸಿದರು.

"ಇಲ್ಲೋ. ಮುಂಜಾನೆ ಟೈರ್ ಸೋತಿದ್ದಿಲ್ಲ. ನನ್ನ ಕಾಲು ಸೋತಿತ್ತು."

ಕತೆ ಇಲ್ಲಿಗೆ ಮುಗಿದಿದ್ದರೆ ಅಗ್ನಿಹೋತ್ರಿ ಸರ್ ಒಬ್ಬ ಸುಧಾರಿಸಿದ ಮನುಷ್ಯನಾಗಿ ಉಳಿಯುತ್ತಿದ್ದರು. ಆದರೆ ಹುಬ್ಬಳ್ಳಿಯ ಹುಡುಗರಲ್ಲಿ ಒಬ್ಬ ಬೆಳಗಿನ ಪ್ರಸಂಗವನ್ನು ಮೊಬೈಲಿನಲ್ಲಿ ಹಿಡಿದಿದ್ದ. ಅವರ ಮನೆಯ ಎಣ್ಣೆಗಾಯಿ ತಿಂದ ಋಣಕ್ಕೋ ಏನೋ, ಅದರ ವೇಗ ಹೆಚ್ಚಿಸಿ, ಹಿಂದೆ ಯುದ್ಧದ ನಗಾರಿ ಸೇರಿಸಿ ವಾಟ್ಸಾಪಿಗೆ ಬಿಟ್ಟ. ಅದರಲ್ಲಿ ಆಲ್ಟೊ ಬಾಣದಂತೆ ಬಂದು ಟೈರಿನ ಗೋಡೆಗೆ ನುಗ್ಗುತ್ತಿತ್ತು. ಒಳಗಿನಿಂದ ಹೆಲ್ಮೆಟ್ ಧರಿಸಿದ ವೀರನೊಬ್ಬ ಗಾಯವಿಲ್ಲದೆ ಇಳಿದು ಬರುತ್ತಿದ್ದ. ವಿಡಿಯೊ ಕಿತ್ತೂರಿನಿಂದ ಬೈಲಹೊಂಗಲಕ್ಕೆ, ಅಲ್ಲಿಂದ ಸವದತ್ತಿಗೆ, ಮರುದಿನ ಸರ್ ಕಾಲೇಜು ಮುಟ್ಟುವ ಮೊದಲೇ ರಾಮದುರ್ಗಕ್ಕೆ ಬಂದುಬಿಟ್ಟಿತು.

ಅಂದಿನಿಂದ ಅವರ ಕಾರು ಕಂಡರೆ ಜನ ಸಂಸ್ಕಾರದಿಂದಲ್ಲ, ಪ್ರಾಣಭಯದಿಂದ ದಾರಿ ಬಿಡತೊಡಗಿದರು. ಸೈಕಲ್ಲಿನಷ್ಟೇ ವೇಗವಿತ್ತು ಎಂದು ಸರ್ ಹೇಳಿದರೆ, "ದೊಡ್ಡವರು ಹಿಂಗ ಹೇಳೂದ್ರಿ," ಎಂದು ಕೈಮುಗಿದರು. ರಹಿಮಾನಸಾಬರು ಅಂಗಡಿಯ ಮುಂದೆ ಆ ಟೈರಿನ ಚಿತ್ರ ಹಾಕಿಸಿ, ಸವೆಯುವ ಟೈರು ಇಲ್ಲಿ ಸಿಗುತ್ತದೆ ಎಂದು ಧೈರ್ಯವಾಗಿ ಬರೆಸಿದರು.

ಸಲಹೆ ಕೇಳುವವರ ಫೋನುಗಳು ಶುರುವಾದವು. ಸರ್ ಎಲ್ಲರಿಗೂ ಒಂದೇ ಮಾತು ಹೇಳಿದರು: ಇದ್ದ ಟೈರು ಚೆನ್ನಾಗಿದ್ದರೆ ಸಾಕು, ಮೊದಲು ಬ್ರೇಕ್ ಆಯಿಲ್ ಬದಲಿಸಿರಿ, ಆಮೇಲೆ ಕಾಲಿಗೆ ಬುದ್ಧಿ ಕಲಿಸಿರಿ. ಇದು ಯಾರಿಗೂ ರುಚಿಸಲಿಲ್ಲ. ಬ್ರೇಕ್ ಆಯಿಲ್ಲಿನ ಜೊತೆ ಫೋಟೊ ತೆಗೆಸಿಕೊಳ್ಳಲು ಬರುವುದಿಲ್ಲ.

ಮೊನ್ನೆ ಮಧ್ಯಾಹ್ನ ಊಟಕ್ಕೆ ಕೂತಾಗ ಬೈಲಹೊಂಗಲದ ಒಬ್ಬ ಹಲ್ಲಿನ ಡಾಕ್ಟರರು ಫೋನ್ ಮಾಡಿದರು. ಸಣ್ಣ ಕಾರು ತಗೊಂಡಿದ್ದಾರೆ, ಟ್ರ್ಯಾಕಿಗೆ ಹೋಗಬೇಕಂತೆ. ಸರ್ ತಮ್ಮ ಉಪದೇಶ ಪೂರ್ತಿ ಹೇಳಿದರು. ಆಕಡೆ ಡಾಕ್ಟರರು ಹೂಂಗುಟ್ಟಿ, ಕೊನೆಗೆ ಅಂದರು: "ಬ್ರೇಕ್ ಆಮ್ಯಾಲ ನೋಡೂಣ್ರಿ ಸರ್. ಮೊದಲ ಟೈರ್ ಹೇಳ್ರಿ. ನೀವ ಹಾಕಿದ್ದು ಎಷ್ಟು ಅಗಲ ಇತ್ತು?"

ಅಗ್ನಿಹೋತ್ರಿ ಸರ್ ಬೇಡವೆಂದುಕೊಂಡರು. ಹೇಳಬಾರದು ಎಂದೇ ನಿಶ್ಚಯಿಸಿದರು. ಕಲಸಿದ ಅನ್ನ ಕೈಯಲ್ಲಿತ್ತು. ಅದನ್ನು ಮೆಲ್ಲಗೆ ತಾಟಿನಲ್ಲಿಟ್ಟು, ಬೆನ್ನು ನೆಟ್ಟಗೆ ಮಾಡಿ, ಎಡಗೈಯ ಫೋನನ್ನು ಕಿವಿಗೆ ಒತ್ತಿಕೊಂಡರು.

"ಹಂಗಲ್ರಿ ಡಾಕ್ಟರ್. ಮೊದಲು ರಬ್ಬರ್ ಅಂದ್ರ ಏನು ಅನ್ನೂದು ತಿಳಕೋಬೇಕು..."

ಪದ್ಮಜಾ ಅವರ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿ, ತಾವು ಮಜ್ಜಿಗೆ ಹಾಕಿಕೊಂಡು ಊಟ ಮುಂದುವರಿಸಿದರು.